ಎತ್ತಿ ಹಾಕುವ ಗೇಟು

ಹೊಸನಗರದ ಶ್ಯಾಮಲಾ ಟೀಚರ ಮನೆಯ ಗೇಟು ದಿನಾ ಸಂಜೆ ತಾನಾಗಿ ಹಾಕಿಕೊಳ್ಳತೊಡಗಿ ಒಂದು ಮಳೆಗಾಲ ಕಳೆದಿತ್ತು. ಗಾಳಿ ಇರಲಿ ಬಿಡಲಿ, ದೀಪ ಹಚ್ಚುವ ಹೊತ್ತಿಗೆ ಅದು ಮೆಲ್ಲಗೆ ತಿರುಗಿ ಬರುತ್ತಿತ್ತು. ಯಾರೋ ಕೈ ಕೊಟ್ಟಂತೆ ಒಂದಿಷ್ಟು ಮೇಲೆದ್ದು, ಆಮೇಲೆ ಟಕ್ಕೆಂದು ಚಿಲಕ ಕೂರುತ್ತಿತ್ತು. ಮೇಲೇಳುವ ಅಗತ್ಯವೇ ಅದಕ್ಕಿರಲಿಲ್ಲ, ಕೀಲುಗಳು ಹೊಸವು. ಕಲ್ಲು ಅಡ್ಡ ಇಟ್ಟರೆ ಕಲ್ಲು ಪಕ್ಕಕ್ಕೆ ಸರಿದಿರುತ್ತಿತ್ತು.

"ನೀವು ಎಣ್ಣೆ ಬಿಟ್ಟಿದ್ದು ಜಾಸ್ತಿ ಆಯ್ತು ಟೀಚರ್ರೇ," ಎಂದು ಆಟೋದ ತೀರ್ಥೇಶ್ ನಗುತ್ತಿದ್ದ. ಆದರೂ ಕತ್ತಲಾಗುವ ಮುಂಚೆ ಆಟೋ ತಿರುಗಿಸಿಕೊಂಡು ಹೋಗಿಬಿಡುತ್ತಿದ್ದ.

ಇದು ಯಾವಾಗ ಶುರುವಾಯಿತೆಂದು ಟೀಚರಿಗೆ ಗೊತ್ತಿತ್ತು. ಹುಲಿಕಲ್ ಘಾಟಿಯಲ್ಲಿ ಲಾರಿ ಮಗುಚಿ, ಪಂಜಾಬಿನ ಡ್ರೈವರೊಬ್ಬನನ್ನು ಆಸ್ಪತ್ರೆಗೆ ತಂದಿದ್ದರು. ಅವನ ಮಾತು ಯಾರಿಗೂ ತಿಳಿಯದೆ, ಹಿಂದಿ ಕಲಿಸಿ ನಿವೃತ್ತರಾದ ಇವರನ್ನು ಕರೆಸಿದರು. ಲಖ್‌ವೀರ್ ಎಂಬ ಆ ಹುಡುಗ ಇವರ ಸೆರಗು ಹಿಡಿದು, "ಅಮ್ಮಾ, ಗೇಟು ಹಾಕಿದೆಯಾ?" ಎಂದ. ಮತ್ತೆ ಮತ್ತೆ ಅದನ್ನೇ ಕೇಳಿದ. "ಹಾಕಿದೆ ಮಗಾ," ಎಂದರು ಟೀಚರು. ಅವನ ಕೈ ಸಡಿಲವಾಯಿತು. ಅಷ್ಟೆ. ಜೊತೆಯ ಡ್ರೈವರುಗಳು ಅವನನ್ನು ಇಲ್ಲೇ ಸುಟ್ಟು, ಬೂದಿಯನ್ನು ಶರಾವತಿಗೆ ಬಿಟ್ಟು ಹೋದರು.

ಈಗ ಅವನ ತಂದೆ ಕರ್ನೈಲ್ ಸಿಂಗ್ ಬಂದು ಟೀಚರ ಜಗಲಿಯಲ್ಲಿ ಕೂತಿದ್ದರು. ಎದೆಯ ಆಪರೇಶನ್ ಆಗಿ ಆಗ ಬರಲಾಗಿರಲಿಲ್ಲವಂತೆ. ಬಸ್ ಸ್ಟ್ಯಾಂಡಿನಿಂದ ಕರೆತಂದ ತೀರ್ಥೇಶ್ ಅಂದು ಹೊರಟುಹೋಗಲಿಲ್ಲ. ಮುದುಕರ ಬೆನ್ನಿಗೆ ದಿಂಬು ಕೊಟ್ಟು, ತಾನು ಮೆಟ್ಟಿಲ ಮೇಲೆ ಕೂತ.

"ಒಂದೇ ಮಾತು ಕೇಳಬೇಕಿತ್ತು, ಬೆಹೆನ್‌ಜೀ," ಎಂದರು ಮುದುಕರು ಹಿಂದಿಯಲ್ಲಿ. "ಕೊನೆಗೆ ಅವನ ಬಾಯಲ್ಲಿ ಏನಿತ್ತು? ದೇವರ ಹೆಸರು ಹೇಳಿದನೇ, ವಾಹೆಗುರು ಅಂದನೇ?"

ಟೀಚರು ಕಾಫಿಯ ಲೋಟ ಅವರ ಕೈಗಿತ್ತರು.

"ಎಂಬತ್ತನಾಲ್ಕು ಲಕ್ಷ ಜನ್ಮ ಸುತ್ತಿ ಬಂದಮೇಲೆ ಮನುಷ್ಯನ ಮೈ ಸಿಗೋದು. ಬಿಡುಗಡೆಗೆ ಇದೇ ಸಮಯ. ಹೋಗುವಾಗ ಮನಸ್ಸು ಎಲ್ಲಿ ಅಂಟಿಕೊಂಡಿತೋ ಜೀವ ಅಲ್ಲಿಗೇ ಮರಳುತ್ತೆ ಅಂತಾರೆ ನಮ್ಮಲ್ಲಿ. ದುಡ್ಡಿನ ಮೇಲಿದ್ದರೆ ಹಾವಾಗಿ. ಮನೆಯ ಮೇಲಿದ್ದರೆ ಪ್ರೇತವಾಗಿ. ನನ್ನ ಮಗ ಹಾಗಾಗಿಲ್ಲ ಅಂತ ತಿಳಿದರೆ ಸಾಕು, ನಾನು ನಿದ್ದೆ ಮಾಡ್ತೇನೆ."

ಹೌದು, ವಾಹೆಗುರು ಅಂದ. ಇಷ್ಟು ಹೇಳಿದರೆ ಮುಗಿಯಿತು. ಮಾತು ಟೀಚರ ನಾಲಿಗೆಯ ತುದಿಗೆ ಬಂದೂ ಇತ್ತು. ಆಗಲೇ ಗೇಟು ತಿರುಗಿತು. ಮೇಲೆದ್ದಿತು. ಟಕ್.

ತೀರ್ಥೇಶ್ ಕಾಲು ಮೇಲೆಳೆದುಕೊಂಡ. ಕರ್ನೈಲ್ ಸಿಂಗರ ಲೋಟ ಬಾಯಿಯ ಹತ್ತಿರವೇ ನಿಂತಿತು.

"ನಮ್ಮ ಗೇಟಿನ ಕೀಲು ಜೋತಿದೆ," ಎಂದರು ಲೋಟ ಕೆಳಗಿಟ್ಟು. "ಎತ್ತಿ ಹಾಕದಿದ್ದರೆ ಚಿಲಕ ಕೂರೋದಿಲ್ಲ. ಎಮ್ಮೆ ಹೊರಗೆ ಹೋಗಬಾರದು ಅಂತ, ಚಿಕ್ಕಂದಿನಿಂದ ಅದು ಅವನದೇ ಕೆಲಸ."

ಟೀಚರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಹಾಕಿದೆ ಅಂದುಬಿಟ್ಟೆ, ಭಾಯಿಸಾಹೇಬ್. ಅದಕ್ಕೇ ಈ ಮನೆಗೆ ಬಂದನೇನೋ."

"ತಾಯಿಯ ಹಾಗೆ ಹೇಳಿದಿರಿ," ಎಂದರು ಮುದುಕರು. ಕಣ್ಣು ಒರೆಸಿಕೊಂಡರು. "ಮಾಡಿದ ಕರ್ಮ ಜೀವವನ್ನು ಸುತ್ತಿಸುತ್ತೆ. ಬಿಡಿಸೋದು ಮಾತ್ರ ಮೇಲಿನವನ ಕೃಪೆ. ಕೇಳಿಕೊಳ್ಳೋಣ."

ಬರಿಗಾಲಲ್ಲಿ ಅಂಗಳ ದಾಟಿ ಗೇಟಿನ ಮುಂದೆ ನಿಂತರು. ಟೀಚರು ತಲೆಗೆ ಸೆರಗು ಹೊದ್ದರು. ಅದನ್ನು ನೋಡಿ ತೀರ್ಥೇಶ್, ಯಾರೂ ಹೇಳದೆಯೇ, ಹೆಗಲ ಟವೆಲನ್ನು ತಲೆಗೆ ಸುತ್ತಿಕೊಂಡು ಕೈ ಮುಗಿದ. ಮುದುಕರ ಪ್ರಾರ್ಥನೆ ತಗ್ಗಿದ ದನಿಯಲ್ಲಿ ಸಾಗಿತು. ಅಷ್ಟು ಹೊತ್ತೂ ಅವರ ಅಂಗೈಯ ಕೆಳಗೆ ಗೇಟಿನ ಸರಳು ಸಣ್ಣಗೆ ನಡುಗುತ್ತಿತ್ತು, ಬೆದರಿದ ದನದ ಮೈಯಂತೆ.

ಕೊನೆಗೆ ಅವರು ಚಿಲಕ ತೆಗೆದು ಗೇಟನ್ನು ಪೂರ್ತಿ ತೆರೆದರು.

"ಎಮ್ಮೆ ಮಾರಿಬಿಟ್ಟೆ, ಪುತ್ತರ್. ಇನ್ನು ಹಾಕುವುದು ಬೇಡ. ನೀನು ಹೊರಡು."

ಸರಳಿನ ನಡುಕ ನಿಂತಿತು.

"ಟೀಚರ್ರೇ, ಹೋದ್ನಾ?" ತೀರ್ಥೇಶ್ ಪಿಸುಗುಟ್ಟಿದ.

"ಸುಮ್ನಿರೋ ಮಾರಾಯ."

ಮರುದಿನ ಸಂಜೆ ದೀಪ ಹಚ್ಚಿ ಟೀಚರು ಜಗಲಿಯಲ್ಲಿ ಒಬ್ಬರೇ ಕೂತರು. ಗೇಟು ತೆರೆದೇ ಇತ್ತು. ಪಕ್ಕದ ಮನೆಯ ಕರು ಒಳಗೆ ಬಂದು ದಾಸವಾಳದ ಗಿಡಕ್ಕೆ ಬಾಯಿ ಹಾಕಿತು. ಎದ್ದುಹೋಗಿ ಕರುವನ್ನು ಅಟ್ಟಿ, ಗೇಟಿಗೆ ಕೈ ಹಚ್ಚಿದವರು ಹಾಗೇ ನಿಂತರು.

"ಹಾಕಲೇ?" ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು.

ಕೈಯಡಿಯ ಸರಳು ಅಲುಗಲಿಲ್ಲ. ಗೇಟನ್ನು ಹಾಗೇ ಬಿಟ್ಟು ಒಳಗೆ ಹೋದರು. ಬೆನ್ನ ಹಿಂದೆ ಕರು ಮತ್ತೆ ಗಿಡ ಮೇಯುವುದು ಕೇಳುತ್ತಿತ್ತು.