ಡಬ್ಬಿರಾಯರ ಭೂತಗನ್ನಡಿ

ಕನ್ನಡಕದ ಅಂಗಡಿಯವರನ್ನು ಪೇಟೆಯವರು ಡಬ್ಬಿರಾಯರು ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಸಿಗರೇಟನ್ನು ಕೈಯಲ್ಲೂ ಹಿಡಿಯದ ಈ ಮನುಷ್ಯ ಬೆಂಕಿಕಡ್ಡಿಯ ಡಬ್ಬಿಗಳ ಬೆನ್ನು ಹತ್ತಿ ಅರ್ಧ ಆಯುಸ್ಸು ಕಳೆದಿದ್ದರು. ಅವೇನು ರಟ್ಟಿನ ಪೊಟ್ಟಣಗಳಲ್ಲ. ನೂರು ವರ್ಷಕ್ಕೂ ಹಿಂದೆ ಜಪಾನಿನ ಕುಸುರಿ ಕೆಲಸದವರು ಹಿತ್ತಾಳೆ, ತಾಮ್ರ, ಬೆಳ್ಳಿಯಲ್ಲಿ ಮಾಡಿದ, ಜೇಬಿನಲ್ಲಿ ಹಿಡಿಸುವ ಪುಟ್ಟ ಡಬ್ಬಿಗಳು. ಒಂದರ ಮೈಮೇಲೆ ಕೊಕ್ಕರೆ, ಇನ್ನೊಂದರ ಮೇಲೆ ಹಲ್ಲು ಕಿರಿದ ರಾಕ್ಷಸ, ಮತ್ತೊಂದರಲ್ಲಿ ಸೋರೆಬುರುಡೆಗೆ ಜೋತುಬಿದ್ದ ಕೋತಿ. ತಳದಲ್ಲಿ ಕಡ್ಡಿ ಗೀರಲೆಂದು ಕೊರೆದ ಸಣ್ಣ ಸಣ್ಣ ಏಣುಗಳು.

ರಾಯರ ಹೆಚ್ಚುಗಾರಿಕೆ ಇದ್ದದ್ದು ಆ ತಳದಲ್ಲೇ. ಭೂತಗನ್ನಡಿ ಹಿಡಿದು, ಏಣು ಎಲ್ಲೆಲ್ಲಿ ಸವೆದಿದೆ ಎಂದು ನೋಡಿ, ಇದರ ಯಜಮಾನ ಎಡಚ, ಇವನು ಮುಂಗೋಪಿ, ಇವನಿಗೆ ವಯಸ್ಸಾಗಿ ಕೈ ನಡುಗುತ್ತಿತ್ತು ಎಂದು ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಿದ್ದರು. ಬಂದವರು ಬೆರಗಾಗಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಸತ್ತವರು ಎದ್ದು ಬಂದು ಇಲ್ಲ ಎನ್ನುವ ಭಯವಂತೂ ಇರಲಿಲ್ಲ.

ಈ ನಡುವೆ ಅವರ ಹೆಂಡತಿಯ ಬಲಗೈ ಸೋಲತೊಡಗಿ ತಿಂಗಳುಗಳೇ ಆಗಿದ್ದವು. ಮೊದಲು ಬೆರಳು ಮರಗಟ್ಟಿತು, ಆಮೇಲೆ ಲೋಟ ಜಾರತೊಡಗಿತು, ಕೊನೆಗೆ ಬಾಟಲಿಯ ಮುಚ್ಚಳ ತಿರುಗಿಸುವುದಕ್ಕೂ ಆಗದಾಯಿತು. ಅವಳು ಒಬ್ಬಳೇ ಆಸ್ಪತ್ರೆಗೆ ಹೋಗಿ ಬಂದಳು. ಡಾಕ್ಟರು ಏನೇನೋ ಪರೀಕ್ಷೆ ಮಾಡಿಸಿ, ಫಲಿತಾಂಶ ಹೇಳುವ ದಿನ ಮಾತ್ರ ಒಬ್ಬರೇ ಬರಬೇಡಿ, ಮನೆಯವರು ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದಿದ್ದರು. ಸುದ್ದಿ ಒಳ್ಳೆಯದಲ್ಲ ಎಂದು ಅವಳಿಗೆ ಅಲ್ಲೇ ಗೊತ್ತಾಗಿಹೋಯಿತು.

ಗಂಡನಿಗೆ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ, ಹಟ ಹಿಡಿದಳು. ಕಂಡು ಕೇಳರಿಯದವರ ಕೈಯ ಜಾತಕ ಹೇಳುವವರು ನನ್ನ ಕೈಯನ್ನೂ ಒಂದು ಸಲ ನೋಡಲಿ, ಏನಾಯ್ತೇ ಎಂದು ಒಂದು ಮಾತು ಕೇಳಲಿ, ಎಲ್ಲವನ್ನೂ ಅವರ ಮುಂದೆ ಸುರಿದುಬಿಡುತ್ತೇನೆ ಎಂದುಕೊಂಡಳು. ಕತ್ತಿನ ಹಿಂದಿನ ಗುಂಡಿ ಹಾಕಿಕೊಡಿ ಎಂದು ಬೆನ್ನು ತಿರುಗಿಸಿ ನಿಂತಳು. ರಾಯರು ಹೊಸದಾಗಿ ಬಂದ ಡಬ್ಬಿಯ ಮೀನಿನ ಹುರುಪೆ ಎಷ್ಟು ನಾಜೂಕಾಗಿದೆ ಎಂದು ಹೇಳುತ್ತಲೇ ಗುಂಡಿ ಹಾಕಿ ಮುಗಿಸಿದರು. ಪ್ರತಿ ಡಬ್ಬಿಯ ಕೆಳಗಿಡುವ ಚೀಟಿಯನ್ನು ಮದುವೆಯಾದಾಗಿನಿಂದ ಅವಳೇ ಬರೆಯುತ್ತಿದ್ದಳು, ಮುತ್ತು ಪೋಣಿಸಿದ ಹಾಗೆ. ಈಗ ಎಡಗೈಯಲ್ಲಿ ಬರೆದಿಟ್ಟಳು. ರಾಯರು ನೋಡಿ, ಇತ್ತೀಚೆಗೆ ನಿನ್ನ ಅಕ್ಷರಕ್ಕೆ ಏನು ಬಡಿದಿದೆ, ಸ್ವಲ್ಪ ಮನಸ್ಸಿಟ್ಟು ಬರಿ ಎಂದರು. ಅವತ್ತು ಅವಳು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಆಸ್ಪತ್ರೆಗೆ ಹೋಗಬೇಕಾದ ಹಿಂದಿನ ಸಂಜೆ ಒಬ್ಬ ಮುದುಕ ಮನೆಗೆ ಬಂದ. ಹಡಗಿನಲ್ಲಿ ಅಡುಗೆಯವನಾಗಿದ್ದು ನಿವೃತ್ತನಾದವನು. ಕಪ್ಪೆಯ ಆಕಾರದ ಡಬ್ಬಿಯೊಂದನ್ನು ತೋರಿಸಲು ತಂದಿದ್ದ. ರಾಯರು ತಳಕ್ಕೆ ಭೂತಗನ್ನಡಿ ಹಿಡಿದವರೇ, ಇದನ್ನು ಬಳಸಿದವರು ಎಡಚರು, ನಿಧಾನಸ್ಥರು ಎಂದರು. ಮುದುಕನ ಕಣ್ಣು ಅರಳಿತು. ಅದು ಅವನ ಅಪ್ಪನ ಡಬ್ಬಿಯಂತೆ, ಅಪ್ಪ ಎಡಚನೇ ಅಂತೆ. ಖುಷಿಯಲ್ಲಿ ಅವನು ಡಬ್ಬಿಯನ್ನು ರಾಯರ ಹೆಂಡತಿಯ ಕೈಗೂ ಕೊಟ್ಟು, ಮುಚ್ಚಳದ ಸ್ಪ್ರಿಂಗ್ ಒತ್ತಿ ನೋಡಿ ಎಂದ.

ಅವಳು ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಒತ್ತಲು ಹೋದಳು. ಬೆರಳು ಮಾತು ಕೇಳಲಿಲ್ಲ. ಡಬ್ಬಿ ಜಾರಿ ಮಡಿಲಿಗೆ ಬಿತ್ತು.

"ಅಮ್ಮಾ, ಬಲಗೈಗೆ ಏನಾಗಿದೆ?" ಎಂದ ಮುದುಕ.

ಅವಳು ತಲೆಯೆತ್ತಿದಳು. ಈಗಲಾದರೂ ನೋಡುತ್ತಾರೆ ಎಂದು ಗಂಡನ ಮುಖವನ್ನೇ ನೋಡಿದಳು. ರಾಯರು ಅವಳ ಮಡಿಲಿನಿಂದ ಡಬ್ಬಿ ಎತ್ತಿಕೊಂಡು, ಎಲ್ಲೂ ನೆಗ್ಗಿಲ್ಲ ತಾನೇ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಏನೂ ಆಗಿಲ್ಲ. ಇವಳು ಮೊದಲಿಂದಲೂ ಎಡಗೈಯವಳೇ," ಎಂದರು.

ಮುದುಕ ಅವಳ ಕಡೆ ತಿರುಗಿದ. ಅವಳಿಗೆ ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಇಷ್ಟು ದಿನ ಯಾರಿಗಾಗಿ ಕಾದೆ ಎಂದು ತನ್ನ ಮೇಲೆಯೇ ಅಸಹ್ಯವಾಯಿತು. ಹೌದು, ಹುಟ್ಟಿದಾಗಿನಿಂದಲೂ ಹೀಗೇ ಎಂದಳು.

ಕಪ್ಪೆ ಡಬ್ಬಿಯನ್ನು ಇನ್ನೂ ಒಂದು ದಿನ ನೋಡುವ ಆಸೆಯಿಂದ ರಾಯರು ಇಟ್ಟುಕೊಂಡರು. ಮುದುಕನನ್ನು ಗೇಟಿನವರೆಗೆ ಬಿಡಲು ಅವಳೇ ಹೋದಳು. ಅಲ್ಲಿ ನಿಂತು, ಗಂಡನಿಗೆ ಹೇಳಬೇಕೆಂದು ಕೂಡಿಟ್ಟಿದ್ದನ್ನೆಲ್ಲ ಆ ಅಪರಿಚಿತನಿಗೆ ಹೇಳಿದಳು. ನಾಳೆ ಬೆಳಿಗ್ಗೆ ಜೊತೆಗೆ ಬರುತ್ತೀರಾ ಎಂದು ಕೇಳಿದಳು.

"ಬರ್ತೀನಮ್ಮ. ಆದ್ರೆ ಡಾಕ್ಟರು ನಾನು ಯಾರು ಅಂತ ಕೇಳಿದ್ರೆ?"

"ಅಣ್ಣ ಅನ್ನಿ," ಎಂದಳು. "ಇವಳಿಗೆ ಬೇರೆ ಯಾರೂ ಇಲ್ಲ ಅನ್ನಿ."

ಮುದುಕ ದೀಪ ಉರಿಯುತ್ತಿದ್ದ ಕಿಟಕಿಯ ಕಡೆ ಒಮ್ಮೆ ನೋಡಿ, ಎಷ್ಟು ಗಂಟೆಗೆ ಬರಲಿ ಎಂದು ಕೇಳಿದ.