ಬಿಸಿನೀರ ತೊಟ್ಟಿ, ಹಿತ್ತಲ ನಲ್ಲಿ

ಶ್ರಾವಣ, ಬೆಳಗಿನ ಐದೂವರೆ, ಜಿನುಗುಮಳೆಯಲ್ಲಿ ಹಿತ್ತಲ ನಲ್ಲಿಯ ತಿರುಪಿಗೆ ಬಿಗಿದ ಒಂದು ಕೆಂಪು ಚಿಂದಿ ಕಂಡಿತಲ್ಲ, ಅಲ್ಲಿಂದಲೇ ಶುರುವಾಯಿತು ಈ ಸಿಟ್ಟು, ಈಗ ಎಂಟಾದರೂ ಇಳಿದಿಲ್ಲ, ಮಳೆಯೂ ನಿಂತಿಲ್ಲ – ಅಗೆ ಲಕ್ಕಪ್ಪ, ಹಾರೆ ಹಾಕು, ನಮ್ಮೂರು ಹಗರೆಗೆ ಕರೆಂಟು ಬಂದ ವರ್ಷದಿಂದ ವೈರು ಎಳೆದ ಕೈ ನನ್ನದು, ಮೂರನೇ ಕ್ಲಾಸು ದಾಟದ ತಲೆ, ಆದರೆ ಕರೆಂಟು ಯಾವಾಗ ಎಲ್ಲಿ ಹರಿಯುತ್ತದೆ ಎಂದು ಈ ತಲೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಹಾಗೆಂದುಕೊಂಡಿದ್ದೆ. ಈ ಮಣ್ಣು ಎಷ್ಟು ಮೆತ್ತಗಿದೆ, ಮೂರಡಿ ಅಗೆಯುವುದು ಅರ್ಧ ದಿನದ ಕೆಲಸವೂ ಅಲ್ಲ, ಇದ್ದಿಲು, ಉಪ್ಪು, ಒಂದು ತಗಡು, ಒಂದು ತಂತಿ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗು ಅಂದರೆ ಅಷ್ಟೇ, ಅಷ್ಟನ್ನು ಆಷಾಢದಲ್ಲೇ ಮಾಡಿದ್ದರೆ! ಆಗುವುದಿಲ್ಲವಂತೆ, ಮಳೆಗಾಲದ ನಾಲ್ಕು ತಿಂಗಳು ಈ ಜೈನರ ಮನೆಯಲ್ಲಿ ನೆಲ ಅಗೆಯುವುದಿಲ್ಲ, ಹುಳಹುಪ್ಪಟೆ ಸಾಯ್ತವೆ ಕಣಪ್ಪ, ದೀಪಾವಳಿ ಕಳೀಲಿ, ಎಂದರಂತೆ ದೊಡ್ಡಮ್ಮ ಶೀಲಾವತಮ್ಮನವರು, ಅವರ ವ್ರತ ಸುಳ್ಳಲ್ಲ, ಇರುವೆ ಕಂಡರೆ ಕಾಲು ಎತ್ತಿಡುವ ಜೀವ, ಮಂಡಿ ಬಾವು ಬಂದು ಕೂತರೆ ಏಳಲಾರರು, ಅದಕ್ಕೇ ಮಗ ಸುಮತಿಕುಮಾರ ತಾಮ್ರದ ತೊಟ್ಟಿ ಮಾಡಿಸಿದ್ದು, ಮನುಷ್ಯರು ಕಾಲು ನೀಡಿ ಕೂರುವಂಥದ್ದು, ತಳದಲ್ಲಿ ನೀರು ಕಾಯಿಸುವ ಕಾಯಿಲ್ಲು, ಅರಸೀಕೆರೆಯ ಯಾವನೋ ಬಂದು ಕೂರಿಸಿ, ಗುಂಡಿ ಇಲ್ಲ ಅಂದಮೇಲೆ ಅರ್ಥಿಂಗಿನ ತಂತಿಯನ್ನು ನೀರಿನ ಪೈಪಿಗೆ ಸುತ್ತಿ, ಸದ್ಯಕ್ಕೆ ಇದೇ ಸಾಕು ಸಾರ್ ಎಂದು ಬಸ್ಸು ಹತ್ತಿದ. ಸದ್ಯಕ್ಕೆ! ಆ ಪೈಪು ಸೂರಿನ ಮೇಲಿನ ಟ್ಯಾಂಕಿನಿಂದ ಗೋಡೆಗುಂಟ ಇಳಿದು ಹಿತ್ತಲ ನಲ್ಲಿಗೆ ಬರುತ್ತದೆ, ಎಲ್ಲೂ ನೆಲ ಮುಟ್ಟುವುದಿಲ್ಲ, ನೆಲ ಮುಟ್ಟುವುದು ಮುನಿಯಮ್ಮನ ಬರಿಗಾಲು.

ಮುನಿಯಮ್ಮ ಮುಸುರೆ ತಿಕ್ಕುವವಳು, ಇಪ್ಪತ್ತು ವರ್ಷದಿಂದ ಈ ಮನೆಯಲ್ಲಿ, ನಲ್ಲಿ ಕಚ್ತೈತೆ ಕಣ್ರವ್ವಾ ಎಂದಳು, ಸೊಸೆ ತ್ರಿಶಲಾ ನಕ್ಕರು, ನಲ್ಲಿಗೇನು ಹಲ್ಲಿದೆಯಾ, ಸೋಮಾರಿತನಕ್ಕೆ ಹೊಸ ಹೆಸರು ಕಂಡ್ಕೊಂಡಿದೀಯ ಬಿಡು. ಆಗಲೇ ನನ್ನನ್ನು ಕರೆಸಿದ್ದು, ಹದಿನೈದು ದಿನದ ಹಿಂದೆ, ಮಟಮಟ ಮಧ್ಯಾಹ್ನ ಬಂದೆ, ಟೆಸ್ಟರು ಇಟ್ಟೆ, ಅದರ ಕೆಂಪು ದೀಪ ಹತ್ತಲಿಲ್ಲ, ಮುನಿಯಮ್ಮ ಕಂಬದ ಮರೆಯಿಂದ, ಬೆಳಿಗ್ಗೆ ಬಾರಣ್ಣ, ಪಾತ್ರೆ ತಿಕ್ಕೋ ಹೊತ್ತಿಗೆ, ಆವಾಗ ಕಚ್ಚೋದು ಎಂದಳು, ಎಂದಳು, ಕಿವಿಯಲ್ಲಿ ಬಿದ್ದಿತ್ತು, ಆದರೆ ಮೂರು ಗಂಟೆಯ ಬಸ್ಸು, ಕೈಯಲ್ಲಿ ಅವರು ಕೊಟ್ಟ ಮಜ್ಜಿಗೆಯ ಲೋಟ, ಏನೂ ಇಲ್ಲಮ್ಮ, ನಲ್ಲಿ ಸರಿಯಾಗೈತೆ ಎಂದು ಮೀಸೆ ಒರೆಸಿಕೊಂಡೆ. ತೊಟ್ಟಿಯ ಸ್ವಿಚ್ಚು ಹಾಕುವುದು ಬೆಳಿಗ್ಗೆ ಐದರಿಂದ ಆರು, ದೊಡ್ಡಮ್ಮ ಇಳಿಯುವ ಮೊದಲು ಆರಿಸಿಬಿಡುತ್ತಾರೆ, ಮನೆಯವರ್‍ಯಾರಿಗೂ ಜುಮ್ಮೆನ್ನುವುದಿಲ್ಲ, ಆ ಒಂದು ಗಂಟೆ ನಲ್ಲಿ ಹಿಡಿಯುವವಳು ಒಬ್ಬಳೇ. ಅವಳೇ ಹೊತ್ತು ಹೇಳಿದ್ದಳು, ಅದಕ್ಕಿಂತ ಇನ್ನೇನು ಹೇಳಬೇಕಿತ್ತು ಒಬ್ಬ ವೈರ್‌ಮನ್‌ಗೆ? ನನ್ನ ಮಾತನ್ನೇ ದಿನಾ ಅವಳ ಮುಖಕ್ಕೆ ಹಿಡಿದರಂತೆ, ಲಕ್ಕಪ್ಪನೇ ನೋಡಿ ಹೋಗಿದ್ದಾನಲ್ಲೇ. ಅವಳು ಸೆರಗಿನ ತುದಿ ಹರಿದು ತಿರುಪಿಗೆ ಕಟ್ಟಿಕೊಂಡಳು, ಒಣಗಿದ್ದಾಗ ತಡೆಯಿತು, ಮಂಗಳವಾರ ಜಿನುಗು ಹಿಡಿಯಿತು, ಚಿಂದಿ ನೆನೆಯಿತು.

ನಲ್ಲಿ ಹಿಡಿದ ಮುನಿಯಮ್ಮನನ್ನು ಕರೆಂಟು ಕೊಪ್ಪರಿಗೆ ಸಮೇತ ಎಸೆಯಿತಂತೆ, ಒಗೆಯುವ ಕಲ್ಲಿಗೆ ಬಿದ್ದು ಮಣಿಕಟ್ಟು ಮುರಿಯಿತು, ನನಗೆ ಬಂದ ಸುದ್ದಿ ಅದಲ್ಲ – ಸುಮತಿಕುಮಾರನ ಆಳು ತಿಮ್ಮಯ್ಯ ಹಗರೆಗೆ ಬಂದು, ಕೊಪ್ಪರಿಗೆ ಎತ್ತಿಹಾಕಿ ನಲ್ಲಿ ಮೇಲೆ ಹೇಳ್ತಾವ್ಳೆ, ನೀನು ಬಂದು ಅವಳೆದುರಿಗೆ ಒಂದ್ಮಾತು ಹೇಳಿ ಹೋಗ್ಬೇಕಂತೆ ಎಂದ. ಸಾಕ್ಷಿಗೆ ಕರೆದರು ನನ್ನನ್ನು! ಬುಧವಾರ ರಾತ್ರಿಯ ಕಡೇ ಬಸ್ಸಿಗೆ ಬಂದು ಬಸದಿ ಬೀದಿಯ ಜಗಲಿಯಲ್ಲಿ ಮಲಗಿದೆ, ಐದೂವರೆಗೆ ಹಿತ್ತಲು, ಟೆಸ್ಟರು ನಲ್ಲಿಗೆ ತಗುಲಿದ್ದೇ ಕೆಂಪು, ನಡುಮನೆಯ ದೀಪ ಆರಿಸಿದೆ, ಕೆಂಪು, ಮೋಟರು ಆರಿಸಿದೆ, ಕೆಂಪು, ತೊಟ್ಟಿಯ ಸ್ವಿಚ್ಚು ಆರಿಸಿದೆ, ಹೋಯಿತು, ಹಾಕಿದೆ, ಮತ್ತೆ ಕೆಂಪು, ಸುಮತಿಕುಮಾರನ ಕೈಗೇ ಟೆಸ್ಟರು ಕೊಟ್ಟು ನಾಲ್ಕು ಸಲ ತೋರಿಸಿದೆ, ಕಾಯಿಲ್ಲಿನ ವಾಷರು ಕೊಳೆತು ನೀರು ಒಳಗೆ ಇಳಿದಿತ್ತು, ಕರೆಂಟು ತಾಮ್ರಕ್ಕೆ, ತಾಮ್ರದಿಂದ ತಂತಿಗೆ, ತಂತಿಯಿಂದ ಪೈಪಿಗೆ. ಮುನಿಯಮ್ಮ ಬಿದಿರ ಪಟ್ಟಿ ಕಟ್ಟಿದ ಕೈ ಎದೆಗವಚಿಕೊಂಡು ನೋಡುತ್ತ ನಿಂತಿದ್ದಳು. ಶೀಲಾವತಮ್ಮನವರು ಗೋಡೆ ಹಿಡಿದು ಬಂದರು, ಅಗೀರಿ, ಈಗಲೇ ಅಗೀರಿ, ಪಾಪ ನನಗಿರಲಿ. ತ್ರಿಶಲಾ, ಕೈ ವಾಸಿಯಾದ ಮೇಲೆ ಬಾರೇ, ಬೇರೆಯವರನ್ನ ಇಟ್ಕೊಳ್ಳಲ್ಲ ಎಂದರು, ಆಗ ಮುನಿಯಮ್ಮ ಬಾಯಿ ಬಿಟ್ಟಳು – ನೆಲ ಅಗಿಯಾಕೆ ನನ್ನ ಕೈ ಮುರೀಬೇಕಾಯ್ತಾ ದೊಡ್ಡವ್ವ? ನನ್ನ ಕಡೆ ತಿರುಗಿ, ಮಜ್ಜಿಗೆ ಕುಡ್ಕೊಂಡು ಹೋಗಣ್ಣ, ಬಸ್ಸು ತಪ್ಪೀತು. ಬೈಯಬಾರದಿತ್ತೇ, ಉಗಿಯಬಾರದಿತ್ತೇ, ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಇದ್ದಿಲು ಸುರಿ, ಉಪ್ಪು ಸುರಿ, ಗುಂಡಿಗೆ ನೀರು ಬೇಕು, ನೀರಿಗೆ ನಲ್ಲಿ ತಿರುಗಿಸಬೇಕು, ತಂತಿ ಬಿಚ್ಚಿದ್ದೇನೆ, ಮೇನು ಆರಿಸಿದ್ದೇನೆ, ಏನೂ ಇಲ್ಲ ಅದರಲ್ಲಿ, ನಾನೇ ಬಲ್ಲೆ, ಆದರೂ ಕೈ ಮುಂದೆ ಹೋಗುತ್ತಿಲ್ಲ, ಇವತ್ತು ಗುರುವಾರ, ಮುನಿಯಮ್ಮ ಹೋದಳು, ಹಿತ್ತಲ ಬಾಗಿಲಿಂದ, ತಿರುಗಿ ನೋಡದೆ, ತಿರುಪಿನ ಮೇಲೆ ಅವಳು ಹಲ್ಲಿನಿಂದ ಎಳೆದು ಬಿಗಿದ ಗಂಟು, ಕೆಂಪು ಚಿಂದಿ, ತೊಟ್ಟಿಕ್ಕುತ್ತಿರುವ ಕೆಂಪು ಚಿಂದಿ –