ಬಲಕ್ಕೆ ತಿರುಗದ ಮೋಟಾರ್ ಸೈಕಲ್

ನನ್ನ ಗಂಡ ಗೋಪಾಲಪ್ಪನವರಿಗೆ ಮೋಟಾರ್ ಸೈಕಲ್ ಓಡಿಸಲು ಬರುತ್ತಿತ್ತು, ರಿಪೇರಿ ಬರುತ್ತಿರಲಿಲ್ಲ. ಇದನ್ನು ಅವರು ಸಾಯುವವರೆಗೂ ಒಪ್ಪಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಮೂರು ವರ್ಷ ಮೋಟಾರ್ ಸೈಕಲ್ಲಿನ ಮೇಲೆ ಮಿಲಿಟರಿಯ ಟಪಾಲು ಹೊತ್ತು ತಿರುಗಿ, ಯುದ್ಧ ಮುಗಿದ ಮರುವರ್ಷ ಹರಾಜಿನಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ ಹಿಡಿದುಕೊಂಡು ಹೊಸಕೋಟೆಗೆ ಬಂದರು. ನಾನಾಗ ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ನರ್ಸು. ಭಾಗ್ಯಮ್ಮ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನರ್ಸಮ್ಮ ಎಂದರೆ ಎಲ್ಲರಿಗೂ ಗೊತ್ತು. ನಡೆದು ಸುಸ್ತಾಗುತ್ತಿದ್ದವಳು ಗಂಡನ ಬೆನ್ನ ಹಿಂದೆ ಕುಳಿತು ಹೋಗತೊಡಗಿದೆ.

ಹಾಗೆ ಕುಳಿತಾಗ ಹೊಗೆ ಕೊಳವೆ ತಗುಲಿ ನನ್ನ ಕಾಲಿನ ಮೇಲೆ ಬೊಬ್ಬೆ ಎದ್ದಿತು. ಅದು ನನ್ನ ಅತ್ತೆ ಅಮ್ಮಯಮ್ಮನವರ ಕಣ್ಣಿಗೆ ಬಿತ್ತು. ನಮ್ಮ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಒಲೆ ಇತ್ತು. ಅದರ ತಗಡಿನ ಕೊಳವೆಗೆ ಗೋಣಿತಾಟು ಸುತ್ತಿ, ತೆಂಗಿನ ನಾರಿನ ಹುರಿ ಬಿಗಿದು, ಮೇಲೆ ಕೆಮ್ಮಣ್ಣು ಸಗಣಿ ಮೆತ್ತುವುದು ಅತ್ತೆಯ ಕೆಲಸ. ಅದೇ ಉಪಚಾರ ಮೋಟಾರ್ ಸೈಕಲ್ಲಿಗೂ ಆಯಿತು. ಅಚ್ಚುಕಟ್ಟೆಂದರೆ ಅವರಿಗೆ ಪ್ರಾಣ. ಕೊಳವೆಯ ಪಕ್ಕದಲ್ಲಿ ಸಡಿಲವಾಗಿದ್ದ ಒಂದು ತಂತಿಯನ್ನೂ ಸೇರಿಸಿ ಸುತ್ತಿ ಮಣ್ಣು ಮೆತ್ತಿದರು. ನಾನಂತೂ ಕಣ್ಣುಮುಚ್ಚಿ ಸಂತೋಷಪಟ್ಟೆ. ಊರೂರು ತಿರುಗುವ ಸೊಸೆಯ ಕಾಲಿನ ಚಿಂತೆ ಮಾಡುವ ಅತ್ತೆ ಎಷ್ಟು ಜನಕ್ಕೆ ಸಿಕ್ಕಾರು?

ಮೊದಲ ದಿನ ಸಗಣಿ ಸುಟ್ಟ ವಾಸನೆ ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ. ಮಣ್ಣು ಒಣಗಿ ಗಟ್ಟಿಯಾದ ಮೇಲೆ ಶುರುವಾಯಿತು ನೋಡಿ ಕಾಟ. ಚೆನ್ನಾಗಿ ಓಡುತ್ತಿದ್ದ ಇಂಜಿನ್ನು ಇದ್ದಕ್ಕಿದ್ದಂತೆ ಬುಸ್ ಎಂದು ನಿಲ್ಲುವುದು. ನಮ್ಮವರು ಪ್ಲಗ್ ಬಿಚ್ಚಿ ಒರೆಸುವರು, ಒದ್ದರೆ ಸ್ಟಾರ್ಟಾಗುವುದು, "ಪ್ಲಗ್ಗೇ ಕಣೇ" ಎಂದು ಬೀಗುವರು. ಒಂದು ಮೈಲಿ ಹೋದರೆ ಮತ್ತೆ ನಿಲ್ಲುವುದು. ಆಮೇಲೆ ಕಾರ್ಬುರೇಟರ್ ಮೇಲೆ ಅನುಮಾನ, ಆಮೇಲೆ ರೇಷನ್ ಕೂಪನ್ನಿನ ಪೆಟ್ರೋಲಿಗೆ ಯಾರೋ ಸೀಮೆಎಣ್ಣೆ ಬೆರೆಸಿದ್ದಾರೆಂದು ಕೂಗಾಟ. ಸಪ್ಪಲಮ್ಮನ ಗುಡಿಯ ಮುಂದಿನ ತಿರುವಿನಲ್ಲಿ ಮಾತ್ರ ತಪ್ಪದೆ ನಿಲ್ಲುತ್ತಿತ್ತು. ಆ ತಾಯಿಗೆ ಗದ್ದಲ ಆಗುವುದಿಲ್ಲ ಎಂದರು ಜನ. ಮಿಲಿಟರಿಯ ಮನುಷ್ಯ ತೆಂಗಿನಕಾಯಿಯನ್ನೂ ಒಡೆದರು. ಕಾಯಿ ಒಡೆದು ಹತ್ತಿ ಹೊರಟ ಕೂಡಲೇ ಮತ್ತೆ ನಿಂತಿತು.

ಹತ್ತನೆಯ ದಿನ ಬೆಳಿಗ್ಗೆ ಸಮೇತನಹಳ್ಳಿಯಿಂದ ಆಳು ಓಡಿ ಬಂದ. ವರಲಕ್ಷ್ಮಮ್ಮನಿಗೆ ನೋವು ಶುರುವಾಗಿತ್ತು. ಆಕೆಗೆ ಈಗಾಗಲೇ ಎರಡು ಮಕ್ಕಳು ಹುಟ್ಟುವಾಗಲೇ ಹೋಗಿದ್ದವು. ಈ ಸಲದ ಮಗು ಕಾಲು ಕೆಳಗಾಗಿ ಕೂತಿರುವುದನ್ನು ಹಿಂದಿನ ವಾರ ನಾನೇ ನೋಡಿ ಬಂದಿದ್ದೆ. "ನಾನು ಬರೋವರೆಗೂ ಯಾರೂ ಕೈ ಹಾಕ್ಬೇಡಿ, ಬಂದೇ ಬರ್ತೀನಿ" ಎಂದು ಮಾತು ಕೊಟ್ಟಿದ್ದೆ. ಆ ಮಾತೇ ದಾರಿಯುದ್ದಕ್ಕೂ ನನ್ನ ಎದೆಯ ಮೇಲೆ ಕೂತಿತ್ತು.

ಸಪ್ಪಲಮ್ಮನ ಗುಡಿ ಬಂತು. ನಿಂತಿತು.

ನಮ್ಮವರು ಪ್ಲಗ್ ಬಿಚ್ಚಿದರು. ನನಗೆ ಎಲ್ಲಿತ್ತೋ ಸಿಟ್ಟು. "ಆ ಪ್ಲಗ್ಗನ್ನ ನೀವು ಒರೆಸಿ ಒರೆಸಿ ಸವೆಸಿಬಿಟ್ರಿ, ಬೇರೆ ಏನಾದ್ರೂ ನೋಡ್ರೀ" ಎಂದೆ. ನಡೆದೇ ಹೋಗೋಣವೆಂದು ಚೀಲ ಎತ್ತಿಕೊಂಡೆ. ಸಮೇತನಹಳ್ಳಿ ಇನ್ನೂ ಎರಡು ಗಂಟೆಯ ನಡಿಗೆ.

ಅಷ್ಟರಲ್ಲಿ ಎದುರಿನಿಂದ ಎತ್ತಿನ ಗಾಡಿ ಬಂತು. ಹೊಡೆಯುತ್ತಿದ್ದವನು ಕೊಂಡಪ್ಪ, ಹೊಸಕೋಟೆ ಸಂತೆಗೆ ಕೊತ್ತಂಬರಿ ಸೊಪ್ಪು ಹೇರಿಕೊಂಡು ಹೊರಟಿದ್ದ. ಎರಡು ತಿಂಗಳ ಹಿಂದೆ ನಮ್ಮ ಸದ್ದಿಗೆ ಅವನ ಎತ್ತುಗಳು ಬೆದರಿ ಗಾಡಿ ಹಳ್ಳಕ್ಕೆ ಬಿದ್ದಿತ್ತು. ನಮ್ಮವರು ಕ್ಷಮೆ ಕೇಳುವುದು ಬಿಟ್ಟು, ಎತ್ತು ಪಳಗಿಸಲು ಬರುವುದಿಲ್ಲವೇ ಎಂದು ಅವನನ್ನೇ ಬೈದಿದ್ದರು. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಈಗಲೂ ಇವರು ಪ್ಲಗ್ಗಿನಿಂದ ತಲೆ ಎತ್ತಲಿಲ್ಲ.

ಮಾತಾಡಿದ್ದು ನಾನು. ವಿಷಯ ಹೇಳಿದೆ. ಕೊಂಡಪ್ಪ ಗಾಡಿಯಿಂದಿಳಿದು ಮೋಟಾರ್ ಸೈಕಲ್ಲಿನ ಸುತ್ತ ಒಂದು ಸಲ ನಡೆದ.

"ನರ್ಸಮ್ಮ, ಇದು ಎಡಕ್ಕೆ ತಿರುಗೋ ಕಡೆ ಒಂದು ದಿನಾನೂ ನಿಂತಿಲ್ಲ. ಬಲಕ್ಕೆ ತಿರುಗಿದ್ರೆ ಮಾತ್ರ ನಿಲ್ತದೆ."

"ನಿಂಗೆಂಗೆ ಗೊತ್ತು?" ಎಂದರು ನಮ್ಮವರು, ಎರಡು ತಿಂಗಳಲ್ಲಿ ಮೊದಲ ಸಲ.

"ನಿಮ್ಮ ಸದ್ದು ಕೇಳ್ದಾಗೆಲ್ಲ ಇಳಿದು ಎತ್ತಿನ ಮೂಗುದಾರ ಹಿಡ್ಕಂಡು ನಿಂತ್ಕತೀನಲ್ಲ. ಎಲ್ಲಿ ಬಂತು, ಎಲ್ಲಿ ನಿಲ್ತು, ಎಲ್ಲಾ ಕೇಳ್ತಾನೇ ಇರ್ತೀನಿ. ಒದೀರಿ, ನೋಡನ."

ನಮ್ಮವರು ಪ್ಲಗ್ ತಿರುಗಿ ಹಾಕಿ ನಿಂತಲ್ಲೇ ಸ್ಟಾರ್ಟ್ ಮಾಡಿದರು. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರೆ ಇಂಜಿನ್ನು ಓಡುತ್ತಲೇ ಇತ್ತು. ಬಲಕ್ಕೆ ತಿರುಗಿಸಿದರು, ಬುಸ್ ಎಂದು ಸತ್ತಿತು. ಕೊಂಡಪ್ಪ ಹ್ಯಾಂಡಲಿನಿಂದ ಕೆಳಗೆ ಬರುವ ತಂತಿಯ ಮೇಲೆ ಬೆರಳಾಡಿಸುತ್ತಾ ಅದು ಅತ್ತೆಯ ಮಣ್ಣಿನೊಳಗೆ ಹೊಗುವ ಜಾಗಕ್ಕೆ ಬಂದ.

"ಮೂಗುದಾರ ಗಿಡ್ಡ ಕಟ್ಟಿದೀರಿ. ಕತ್ತು ತಿರುಗಿಸಿದ್ರೆ ಎಳೀತದೆ, ಎತ್ತಾದ್ರೂ ನಿಲ್ತದೆ. ಈ ತಂತಿ ಯಾತಕ್ಕೆ?"

ನಮ್ಮವರ ಮುಖ ನೋಡಬೇಕಿತ್ತು. ಅದು ಒದೆಯುವಾಗ ಇಂಜಿನ್ನಿನ ಬಿಗಿ ಬಿಡಿಸುವ ತಂತಿ. ಅದನ್ನು ಎಳೆದರೆ ಒಳಗಿನ ಬಲವೆಲ್ಲ ಸೋರಿ ಹೋಗಿ ಇಂಜಿನ್ನು ನಿಲ್ಲುತ್ತದೆ. ಯುದ್ಧದ ಮೂರು ವರ್ಷ ದಿನಾ ಅದರ ಸನ್ನೆಯನ್ನು ಒತ್ತಿದವರು ಇವರೇ. ಕೊಂಡಪ್ಪ ಕುಡುಗೋಲಿನಿಂದ ನಾಲ್ಕು ಸುತ್ತು ಹುರಿ ಕೊಯ್ದು ತಂತಿಯನ್ನಷ್ಟೇ ಬಿಡಿಸಿದ. ಉಳಿದ ಸುತ್ತು ಹಾಗೇ ಇರಲಿ, ಹೆಣ್ಣುಮಗಳ ಕಾಲು ಸುಡ್ತದೆ ಎಂದ. ಆಮೇಲೆ ನಮ್ಮ ಮೋಟಾರ್ ಸೈಕಲ್ ಎಡಕ್ಕೂ ಬಲಕ್ಕೂ ತಿರುಗಿತು, ಸಮೇತನಹಳ್ಳಿಯವರೆಗೆ ಎಲ್ಲೂ ನಿಲ್ಲಲಿಲ್ಲ. ಅವನಿಗೆ ಒಂದು ಒಳ್ಳೆಯ ಮಾತು ಹೇಳಲೂ ನಮಗೆ ಪುರುಸೊತ್ತಾಗಲಿಲ್ಲ.

ನಾನು ಒಳಗೆ ಹೋದಾಗ ಮಗುವಿನ ಕಾಲು ಆಗಲೇ ಹೊರಗೆ ಬಂದಿತ್ತು. ಹೆದರಿದ ಹೆಂಗಸರು ಅದನ್ನು ಹಿಡಿದು ಎಳೆಯಲು ಕೂತಿದ್ದರು. ಕಾಲು ಗಂಟೆ ತಡವಾಗಿದ್ದರೆ ವರಲಕ್ಷ್ಮಮ್ಮನಿಗೆ ಮೂರನೆಯದೂ ಇರುತ್ತಿರಲಿಲ್ಲ. ಎಲ್ಲರನ್ನೂ ಹಿಂದೆ ಸರಿಸಿದೆ. ಮಗುವಿನ ಮೈಯನ್ನು ಬಟ್ಟೆಯಲ್ಲಿ ಹಿಡಿದು ತಲೆಯನ್ನು ಮೆಲ್ಲಗೆ ಬಿಡಿಸಿಕೊಂಡೆ. ಹುಟ್ಟಿದ ಮಗು ಅಳಲಿಲ್ಲ. ಬಾಯಿ ಒರೆಸಿದೆ, ಬೆನ್ನು ಉಜ್ಜಿದೆ, ಬಾಯಿಗೆ ಬಾಯಿಟ್ಟು ಊದಿದೆ. ಎಷ್ಟು ಹೊತ್ತೋ ತಿಳಿಯದು, ಕೊನೆಗೊಮ್ಮೆ ಮನೆ ಹಾರಿಹೋಗುವಂತೆ ಕಿರುಚಿತು. ವರಲಕ್ಷ್ಮಮ್ಮ ನನ್ನ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಮಗುವನ್ನು ಉಳಿಸಿದ ಕೈ ನನ್ನದೊಂದೇ ಅಲ್ಲ ಎಂದು ನನಗೆ ಗೊತ್ತಿತ್ತು.

ತಾಯಿ ಮಗುವಿನ ಆರೈಕೆ ಮುಗಿಸಿ ಮಧ್ಯಾಹ್ನ ಹೊರಗೆ ಬಂದರೆ ಹುಣಸೆಮರದ ಕೆಳಗೆ ಕೊಂಡಪ್ಪನ ಗಾಡಿ ನಿಂತಿತ್ತು. ಬಿಸಿಲಿಗೆ ಕೊತ್ತಂಬರಿ ಸೊಪ್ಪೆಲ್ಲ ಬಾಡಿ ಜೋತುಬಿದ್ದಿತ್ತು.

"ಸಂತೆಗೆ ಹೋಗ್ಲಿಲ್ವಾ ಕೊಂಡಪ್ಪಣ್ಣ?"

"ನಿಮ್ಮ ಫಟಫಟಿ ಮ್ಯಾಲೆ ನಂಗೇನು ನಂಬಿಕೆ? ಮುಂದೆ ಎಲ್ಲಾದ್ರೂ ನಿಂತ್ರೆ ಗಾಡಿಗೆ ಹತ್ತಿಸ್ಕಳನ ಅಂತ ತಿರುಗಿಸ್ಕಂಡು ಹಿಂದೇನೇ ಬಂದೆ. ಎಲ್ಲೂ ಸಿಗ್ಲಿಲ್ಲ ನೀವು."

"ಗಂಡು ಮಗು. ಚೆನ್ನಾಗದೆ."

"ಕೇಳಿಸ್ತು ಕಣಮ್ಮ."

ನನಗೆ ಅಳು ಬಂತು, ಮುಚ್ಚಿಡಲಿಲ್ಲ. ನಮ್ಮವರು ಬಾವಿಗೆ ಹೋಗಿ ಎರಡು ಕೈಯಲ್ಲೂ ಬಕೆಟ್ಟು ಹಿಡಿದು ನೀರು ತಂದರು. "ಅವತ್ತಿನ ತಪ್ಪು ನಂದೇ ಕಣಪ್ಪ" ಎಂದು ಕೊಂಡಪ್ಪನಿಗೆ ಹೇಳಿ ಎತ್ತುಗಳ ಮುಂದೆ ಬಗ್ಗಿದರು. ಅವು ಮೊದಲು ಹಿಂಜರಿದವು. ಆಮೇಲೆ ಕುಡಿದವು. ಕುಡಿದು ಮುಗಿಯುವವರೆಗೂ ಅವರು ಬಕೆಟ್ಟು ಹಿಡಿದೇ ನಿಂತಿದ್ದರು.